ಮಂದ್ರದ ಆಸನ ಯಾರದು?

ಬಹುಕಾಲದಿಂದ ಹೆಸರು ಮಾಡಿದ ವಾದ್ಯತಂಡವೊಂದರಿಂದ ಗಾಯಕನು ಹೊರಟುಹೋದರೆ ಆ ಸುದ್ದಿ ಊರಿಗೆಲ್ಲ ತಿಳಿಯುತ್ತದೆ. ಬೇಸ್ ಗಿಟಾರಿನವನು ಹೋದರೆ ಎಷ್ಟು ಜನಕ್ಕೆ ತಿಳಿದೀತು? ವೇದಿಕೆಯ ಒಂದು ಪಕ್ಕದಲ್ಲಿ ಅಲ್ಲಾಡದೆ ನಿಂತು, ಹೆಚ್ಚು ಮಾತನಾಡದೆ, ದಪ್ಪ ತಂತಿಗಳನ್ನು ಮೀಟುತ್ತಿರುವ ಆ ಮನುಷ್ಯನನ್ನು ಕಣ್ಣು ಹುಡುಕುವುದೇ ಕಡಮೆ. ಆದರೂ ಅವನ ಜಾಗಕ್ಕೆ ಬೇರೊಬ್ಬನು ಬಂದಾಗ ಅಭಿಮಾನಿಗಳಲ್ಲಿ ಏಳುವ ವಾದ ವರ್ಷಗಟ್ಟಲೆ ತಣ್ಣಗಾಗುವುದಿಲ್ಲ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದ ವಿಷಯದಲ್ಲಿ ಈ ವಾದ ಮೂವತ್ತು ವರ್ಷಗಳನ್ನೂ ದಾಟಿ ನಡೆದಿದೆ. ಅದರ ಒಳಗುಟ್ಟೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ವಾದ್ಯದ ಮಾತು. ಬೇಸ್ ಗಿಟಾರ್ ನೋಡುವುದಕ್ಕೆ ಗಿಟಾರಿನ ಅಣ್ಣನಂತಿದ್ದರೂ ಅದರ ಕೆಲಸ ಬೇರೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿಗಳು. ಅವುಗಳ ಶ್ರುತಿ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ಗಿಟಾರಿನ ಕೆಳತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸಿನ ಕೆಳತಂತಿ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಸಣ್ಣ ರೇಡಿಯೋ ಪೆಟ್ಟಿಗೆಯ ಪುಟ್ಟ ಸ್ಪೀಕರಿಗೆ ಇಷ್ಟು ಮಂದವಾದ ಕಂಪನವನ್ನು ಹೊರಡಿಸುವ ಶಕ್ತಿಯಿಲ್ಲ. ಆದರೂ ನಮಗೆ ಮಂದ್ರಸ್ವರ ಕೇಳಿಸಿದಂತಾಗುತ್ತದೆ. ಅದರ ಜೊತೆಯಲ್ಲಿ ಹುಟ್ಟುವ ಮೇಲಿನ ಉಪಸ್ವರಗಳನ್ನು ಹಿಡಿದು ಕಿವಿಯೇ ಮೂಲಸ್ವರವನ್ನು ಊಹಿಸಿಕೊಳ್ಳುವುದೇ ಇದಕ್ಕೆ ಕಾರಣ. ನಮ್ಮ ಕಚೇರಿಗಳಲ್ಲಿ ತಂಬೂರಿಯ ಇರುವಿಕೆ ಅದು ನಿಂತಾಗಲೇ ತಿಳಿಯುವುದಷ್ಟೆ? ಬೇಸಿನ ಸ್ಥಿತಿಯೂ ಹಾಗೆಯೇ. ಆದರೆ ತಂಬೂರಿ ಶ್ರುತಿಯನ್ನು ಮಾತ್ರ ಹಿಡಿಯುತ್ತದೆ. ಬೇಸ್ ಒಂದು ಕೈಯಲ್ಲಿ ಸ್ವರವನ್ನೂ ಇನ್ನೊಂದು ಕೈಯಲ್ಲಿ ತಾಳವನ್ನೂ ಹಿಡಿದು ಎರಡನ್ನೂ ಗಂಟುಹಾಕುತ್ತದೆ. ಆದುದರಿಂದ ಬೇಸಿನವನು ಬದಲಾದರೆ ಹಾಡಿನ ಧಾಟಿ ಬದಲಾಗದಿದ್ದರೂ ನಡಿಗೆ ಬದಲಾಗುತ್ತದೆ.

ರೋಲಿಂಗ್ ಸ್ಟೋನ್ಸ್ ತಂಡ ಲಂಡನ್ನಿನಲ್ಲಿ 1962ರಲ್ಲಿ ಹುಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಬಿಲ್ ವೈಮನ್ ಎಂಬವರು ಬೇಸ್ ವಾದಕರಾಗಿ ಸೇರಿದರು. ಅವರು ಉಳಿದವರಿಗಿಂತ ಹಿರಿಯರು. ಅಗ್ಗದ ಬೇಸೊಂದನ್ನು ಕೊಂಡು, ಅದರ ಮೆಟ್ಟಿಲುಗಳನ್ನು ಕಿತ್ತುಹಾಕಿ, ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದರು. ಮರುತಿಂಗಳು, ಎಂದರೆ 1963ರ ಜನವರಿಯಲ್ಲಿ, ಡ್ರಮ್ ವಾದಕ ಚಾರ್ಲಿ ವಾಟ್ಸ್ ಬಂದರು. ಈ ಇಬ್ಬರ ಜೋಡಿ ಮೂರು ದಶಕಗಳ ಕಾಲ ಬಾಳಿತು. 1993ರ ಜನವರಿಯಲ್ಲಿ ವೈಮನ್ ತಂಡವನ್ನು ಬಿಟ್ಟ ಸುದ್ದಿ ಬಹಿರಂಗವಾಯಿತು. ಜಗಳವಾಗಿ ಹೋದುದಲ್ಲ, ಸಾವೂ ಅಲ್ಲ. ಮೂವತ್ತು ವರ್ಷ ಸಾಕೆನಿಸಿ ಹೋದುದು.

ಅನಂತರ ಅನೇಕ ವಾದಕರನ್ನು ಕರೆಸಿ ಪರೀಕ್ಷಿಸಿದರು. ತಂಡದ ಮುಂದಾಳುಗಳಾದ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಕೊನೆಯ ತೀರ್ಮಾನವನ್ನು ವಾಟ್ಸರಿಗೆ ಬಿಟ್ಟರು. ಇದು ವಿವೇಕದ ಮಾತು. ಬೇಸಿನವನ ಜೊತೆಯಲ್ಲಿ ದಿನವೂ ಹೆಜ್ಜೆಹಾಕಬೇಕಾದವನು ಡ್ರಮ್ಮಿನವನೇ ತಾನೆ? ವಾಟ್ಸ್ ಆರಿಸಿದುದು ಷಿಕಾಗೋ ನಗರದ ಡ್ಯಾರಿಲ್ ಜೋನ್ಸರನ್ನು. 1961ರಲ್ಲಿ ಹುಟ್ಟಿದ ಜೋನ್ಸ್, ತಂಡ ಆರಂಭವಾದಾಗ ತೊಟ್ಟಿಲ ಕೂಸು. 1983ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಜಾಜ್ ಸಂಗೀತದ ಮಹಾವಿದ್ವಾಂಸ ಮೈಲ್ಸ್ ಡೇವಿಸರ ತಂಡವನ್ನು ಸೇರಿದವರು. ಆಮೇಲೆ ಸ್ಟಿಂಗ್ ಎಂಬ ಗಾಯಕನಿಗೂ ಬೇಸ್ ನುಡಿಸಿದವರು. ವಾಟ್ಸರಿಗೆ ಜಾಜ್ ಎಂದರೆ ಪ್ರಾಣ. ಜೋನ್ಸರ ವಾದನ 1994ರ ಜುಲೈಯಲ್ಲಿ ಹೊರಬಂದ 'ವೂಡೂ ಲೌಂಜ್' ಸಂಪುಟದಲ್ಲಿ ಜನರಿಗೆ ಕೇಳಿಸಿತು.

ವಾದ ಹತ್ತಿದುದು ಇಲ್ಲಿಂದಲೇ. ಒಂದು ಪಕ್ಷದವರು ಹೇಳುವುದು ಹೀಗೆ: ಈ ತಂಡದ ಸೊಗಸು ಅದರ ಸಡಿಲಿಕೆಯಲ್ಲಿದೆ. ಉಳಿದ ಕಡೆಗಳಲ್ಲಿ ಎಲ್ಲರೂ ಡ್ರಮ್ಮನ್ನು ಹಿಂಬಾಲಿಸಿದರೆ, ಇಲ್ಲಿ ಡ್ರಮ್ಮು ರಿಚರ್ಡ್ಸರ ಗಿಟಾರನ್ನು ಹಿಂಬಾಲಿಸುತ್ತದೆ. ಆ ಕೂದಲೆಳೆಯ ಅಂತರದಲ್ಲಿ ವೈಮನ್ ತಮ್ಮ ಸ್ವರವನ್ನು ಇಡುತ್ತಿದ್ದರು. ಅದರಿಂದ ಹಾಡು ಬೀಳುವಂತೆ ತೋರಿಯೂ ಬೀಳದೆ ತೂಗಾಡುತ್ತಿತ್ತು. ಜೋನ್ಸರ ಕೈ ಪಳಗಿದ ಕೈ, ನಿಜ. ಆದರೆ ಅದು ತೀರ ಅಚ್ಚುಕಟ್ಟು. ಹಳೆಯ ಮನೆಗೆ ಹೊಸ ಗಾರೆ ಹಾಕಿದಂತಾಯಿತು, ಎಂದು ಅವರ ಕೊರಗು.

ಇನ್ನೊಂದು ಪಕ್ಷದವರ ಉತ್ತರವೂ ಹಗುರಾದುದಲ್ಲ. ತಂಡದ ಹಳೆಯ ಮುದ್ರಿಕೆಗಳಲ್ಲೆಲ್ಲ ಬೇಸ್ ನುಡಿಸಿದವರು ವೈಮನ್ನರೇ ಎಂದು ಭಾವಿಸುವುದು ತಪ್ಪು, ಎನ್ನುತ್ತಾರೆ ಇವರು. 1968ರ 'ಸಿಂಪಥಿ ಫಾರ್ ದ ಡೆವಿಲ್' ಹಾಡಿನಲ್ಲಿ ಬೇಸ್ ಹಿಡಿದವರು ರಿಚರ್ಡ್ಸ್. 1972ರ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' ಸಂಪುಟದ 18 ಹಾಡುಗಳಲ್ಲಿ ವೈಮನ್ನರ ಹೆಸರಿರುವುದು 8ರಲ್ಲಿ ಮಾತ್ರ. ಹಾಗಿದ್ದ ಮೇಲೆ ಆ ಆಸನ ಒಬ್ಬರದೇ ಆಗಿದ್ದುದು ಯಾವಾಗ? ಇನ್ನೂ ಒಂದು ಮಾತು. ಈ ಆಂಗ್ಲ ತರುಣರು ತಂಡಕ್ಕೆ ಹೆಸರನ್ನು ಪಡೆದುದೇ ಷಿಕಾಗೋವಿನ ಕಪ್ಪು ಜನಾಂಗದ ಗಾಯಕ ಮಡ್ಡಿ ವಾಟರ್ಸರ ಒಂದು ಹಾಡಿನಿಂದ. 1964ರಲ್ಲಿ ಅವರು ಆ ನಗರದ ಚೆಸ್ ಮುದ್ರಣಶಾಲೆಗೆ ಯಾತ್ರಿಕರಂತೆ ಹೋಗಿ ಹಾಡಿ ಬಂದರು. ಯಾವ ಊರಿನ ವಿದ್ಯೆಯನ್ನು ಕಲಿತು ಇವರು ದೊಡ್ಡವರಾದರೋ ಆ ಊರಿನ ಕಪ್ಪು ವಾದಕನೇ ಬಂದು ಪಕ್ಕದಲ್ಲಿ ನಿಂತರೆ ಅವನನ್ನು ಹೊರಗಿನವನೆನ್ನುವುದು ಹೇಗೆ?

ಎರಡು ಪಕ್ಷಗಳನ್ನೂ ಆಲಿಸಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಇಲ್ಲಿ ಒಂದು ಪ್ರಶ್ನೆಯಲ್ಲ, ಎರಡು ಪ್ರಶ್ನೆಗಳಿವೆ. ನುಡಿಸಾಣಿಕೆ ಹೊಂದುತ್ತದೆಯೇ ಎಂಬುದು ಮೊದಲನೆಯದು. ಅದನ್ನು ಕಿವಿ ತೀರ್ಮಾನಿಸುತ್ತದೆ. ಈತ ನಮ್ಮವನೇ ಎಂಬುದು ಎರಡನೆಯದು. ಅದನ್ನು ಕಿವಿ ತೀರ್ಮಾನಿಸಲಾರದು. ವಾಟ್ಸ್ ಮೊದಲನೆಯ ಪ್ರಶ್ನೆಗೆ 1993ರಲ್ಲೇ ಉತ್ತರ ಕೊಟ್ಟರು. ಎರಡನೆಯದಕ್ಕೆ ತಂಡ ಉತ್ತರ ಕೊಡಲಿಲ್ಲ. ಜೋನ್ಸರನ್ನು ಪೂರ್ಣ ಸದಸ್ಯರೆಂದು ಸೇರಿಸಿಕೊಳ್ಳದೆ, ಸಂಭಾವನೆಗೆ ನುಡಿಸುವ ವಾದಕರನ್ನಾಗಿ ಇಟ್ಟುಕೊಂಡಿತು. ತಂಡದ ಅಧಿಕೃತ ಚಿತ್ರಗಳಲ್ಲಿ ಉಳಿದವರು ನಾಲ್ವರೇ.

ಇದು ಈ ತಂಡಕ್ಕೆ ಹೊಸದೂ ಅಲ್ಲ. ಸ್ಥಾಪಕರಲ್ಲಿ ಒಬ್ಬರಾದ ಪಿಯಾನೋ ವಾದಕ ಇಯಾನ್ ಸ್ಟೂವರ್ಟರನ್ನು, ಅವರ ರೂಪ ಉಳಿದವರಿಗೆ ಹೊಂದುವುದಿಲ್ಲವೆಂದು ವ್ಯವಸ್ಥಾಪಕನು 1963ರಲ್ಲಿ ಪಟ್ಟಿಯಿಂದ ಬಿಡಿಸಿದನು. ಆದರೂ ಅವರು 1985ರಲ್ಲಿ ತೀರಿಕೊಳ್ಳುವವರೆಗೆ ತಂಡದ ಜೊತೆಯಲ್ಲೇ ಇದ್ದು, ಸಾಮಾನು ಸಾಗಿಸಿ, ಪಿಯಾನೋ ನುಡಿಸಿದರು. ಬೇರೆಯ ದಾರಿಯನ್ನು ಹಿಡಿದವರೂ ಉಂಟು. ಅಮೆರಿಕದ ಮೆಟಾಲಿಕಾ ತಂಡ 2003ರಲ್ಲಿ ರಾಬರ್ಟ್ ಟ್ರುಹಿಯೋ ಎಂಬ ಬೇಸ್ ವಾದಕರನ್ನು ಆರಿಸಿದಾಗ ಹತ್ತು ಲಕ್ಷ ಡಾಲರುಗಳನ್ನು ಮುಂಗಡವಾಗಿ ಕೊಟ್ಟು, ಆರಂಭದಿಂದಲೇ ಸದಸ್ಯರನ್ನಾಗಿ ಮಾಡಿಕೊಂಡಿತು. ಆ ತಂಡದ ಮೇಲೆ ತೆಗೆದು 2004ರಲ್ಲಿ ಬಿಡುಗಡೆಯಾದ ಸಾಕ್ಷ್ಯಚಿತ್ರದಲ್ಲಿ ಆ ದೃಶ್ಯವನ್ನೇ ನೋಡಬಹುದು.

ನಮ್ಮ ನಾಡಿನವರಿಗೂ ಈ ಎರಡು ಆಯ್ಕೆಗಳನ್ನು ಕಿವಿಯಾರೆ ಕೇಳುವ ಅವಕಾಶ ದೊರೆತಿತ್ತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಹಾಡಿದಾಗ ಬೇಸ್ ನುಡಿಸಿದವರು ಜೋನ್ಸ್. ಅದೇ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ಮೆಟಾಲಿಕಾದ ಜೊತೆಯಲ್ಲಿದ್ದವರು ಟ್ರುಹಿಯೋ. ಇವರಲ್ಲಿ ಒಬ್ಬರು ಪಾಲುದಾರ, ಇನ್ನೊಬ್ಬರು ಸಂಬಳದವರು ಎಂಬುದು ಮೈದಾನದಲ್ಲಿ ನಿಂತ ಯಾರ ಎದೆಗೂ ಆ ಮಂದ್ರದ ಗುದ್ದಿನಿಂದ ತಿಳಿಯುವಂತಿರಲಿಲ್ಲ.

2012ರ ನವೆಂಬರಿನಲ್ಲಿ, ತಂಡದ ಐವತ್ತನೆಯ ವರ್ಷದ ಉತ್ಸವಕ್ಕೆ, ವೈಮನ್ ಲಂಡನ್ನಿನ ವೇದಿಕೆಗೆ ಮರಳಿ ಬಂದರು. ನುಡಿಸಿದುದು ಎರಡೇ ಹಾಡುಗಳಿಗೆ. ಉಳಿದವೆಲ್ಲ ಜೋನ್ಸರ ಪಾಲು. ಇನ್ನಷ್ಟು ನುಡಿಸುವ ಆಸೆಯಿಂದ ಬಂದಿದ್ದ ವೈಮನ್ನರಿಗೆ ಬೇಸರವಾಯಿತು. ಹೆಸರುಳ್ಳವನು ಅತಿಥಿಯಾಗಿದ್ದನು, ಹೆಸರಿಲ್ಲದವನು ಮನೆಯನ್ನು ನಡೆಸುತ್ತಿದ್ದನು. 2021ರ ಆಗಸ್ಟ್ 24ರಂದು ವಾಟ್ಸರೂ ತೀರಿಕೊಂಡರು. ಅವರ ಆಸನದಲ್ಲಿ ಸ್ಟೀವ್ ಜೋರ್ಡಾನ್ ಕುಳಿತರು. ಆರಿಸಿದವರು ಹೋದರು, ಆರಿಸಲ್ಪಟ್ಟವರು ಉಳಿದರು. 2024ರ ಅಮೆರಿಕ ಪ್ರವಾಸದ ವೇಳೆಗೆ ಜೋನ್ಸ್ ಈ ತಂಡದೊಡನೆ ಮೂವತ್ತು ವರ್ಷ ಕಳೆದಂತಾಯಿತು. ವೈಮನ್ ಇದ್ದಷ್ಟೇ ಕಾಲ.

ಅಭಿಮಾನಿಗಳ ವಾದವನ್ನು ಬರಿಯ ಹರಟೆಯೆಂದು ತಳ್ಳಿಹಾಕಬೇಕಾಗಿಲ್ಲ. ಒಬ್ಬನು ಎಷ್ಟು ಕಾಲ ಹೊರೆ ಹೊತ್ತರೆ ಅವನನ್ನು ಮನೆಯವನೆನ್ನಬೇಕು ಎಂಬುದು ಸಂಗೀತಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಸದಸ್ಯತ್ವವೆಂಬುದು ಕರಾರುಪತ್ರದ ವಿಷಯ. ಅದನ್ನು ಕೊಡುವುದು ಬಿಡುವುದು ತಂಡಕ್ಕೆ ಸೇರಿದ್ದು. ಆದರೆ ಹಾಡು ಯಾರ ಹೆಗಲ ಮೇಲೆ ನಿಂತಿದೆ ಎಂಬುದನ್ನು ಗುರುತಿಸುವ ಅಧಿಕಾರ ಕೇಳುಗನದು. ಮುಂದಿನ ಸಲ ಈ ತಂಡದ ಹಾಡು ಕಿವಿಗೆ ಬಿದ್ದಾಗ, ಗಾಯಕನ ಕೂಗನ್ನೂ ಗಿಟಾರಿನ ಅಬ್ಬರವನ್ನೂ ಒಂದು ಗಳಿಗೆ ಬದಿಗಿಟ್ಟು ಕೆಳಗಿನ ಆ ನಡಿಗೆಯನ್ನು ಮಾತ್ರ ಹಿಡಿದು ಕೇಳಿರಿ. 1993ಕ್ಕೆ ಹಿಂದಿನದೊಂದು, ಮುಂದಿನದೊಂದು. ಯಾವುದು ನಿಮಗೆ ಹಿಡಿಸುತ್ತದೆಂಬುದು ನಿಮ್ಮ ಕಿವಿಗೆ ಸೇರಿದ ಮಾತು. ಎರಡರ ಹಿಂದೆಯೂ ಒಬ್ಬ ಮನುಷ್ಯನ ಮೂವತ್ತು ವರ್ಷಗಳಿವೆಯೆಂಬುದು ಮಾತ್ರ ವಾದವಿಲ್ಲದ ಮಾತು.