ಉದ್ಯೋಗಚಿಕಿತ್ಸೆ : ನಮ್ಮ ತರುಣರು ಅರಿಯದ ಒಂದು ವೃತ್ತಿ

ಪ್ರತಿವರ್ಷವೂ ದ್ವಿತೀಯ ಪಿ.ಯು. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ಪಟ್ಟಣಗಳ ಮನೆಮನೆಯಲ್ಲಿಯೂ ಒಂದೇ ಬಗೆಯ ಆಲೋಚನೆ ನಡೆಯುವುದುಂಟು. ವಿಜ್ಞಾನವನ್ನೋದಿದ ಮಕ್ಕಳು ವೈದ್ಯರಾಗಬೇಕು, ಇಲ್ಲವೆ ಎಂಜಿನಿಯರುಗಳಾಗಬೇಕು. ಇವೆರಡೂ ಕೈಗೂಡದಿದ್ದರೆ ಕುಲಕ್ಕೆ ಏನೋ ಕೇಡೊದಗಿತೆಂಬಂತೆ ತಂದೆತಾಯಿಗಳು ಮುಖ ಬಾಡಿಸಿ ಕುಳಿತುಕೊಳ್ಳುತ್ತಾರೆ. ವೈದ್ಯವಿದ್ಯೆಯ ಬಾಗಿಲಿನಿಂದ ಹಿಂದಿರುಗುವ ಸಾವಿರಾರು ಮಂದಿ ಬುದ್ಧಿವಂತ ತರುಣ ತರುಣಿಯರಿಗೆ ಅದರ ಮಗ್ಗುಲಲ್ಲಿಯೇ ತೆರೆದಿರುವ ಬೇರೊಂದು ಬಾಗಿಲು ಕಾಣುವುದಿಲ್ಲ. ಆಕ್ಯುಪೇಷನಲ್ ಥೆರಪಿ ಎಂದು ಇಂಗ್ಲಿಷಿನಲ್ಲಿ ಹೇಳಲ್ಪಡುವ ಆ ವೃತ್ತಿಯ ವಿಷಯವಾಗಿ ಈ ದಿನ ನಮ್ಮ ವಾಚಕರಲ್ಲಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇವೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಬೇಕು. ಉದ್ಯೋಗಚಿಕಿತ್ಸೆಯೆಂದರೆ ನೌಕರಿ ಕೊಡಿಸುವ ಏರ್ಪಾಡೆಂದು ಕೆಲವರು ಭಾವಿಸುತ್ತಾರೆ. ಕಾರ್ಯಚಿಕಿತ್ಸೆಯೆನ್ನೋಣವೆಂದರೆ ಆಯುರ್ವೇದದ ಕಾಯಚಿಕಿತ್ಸೆಯೊಡನೆ ಅದು ಕಲೆತುಹೋಗುವ ಭಯವಿದೆ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಲ್ಲ. ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ತನ್ನ ಕೈಯಾರ ಮಾಡಿಕೊಳ್ಳುವ ಸಮಸ್ತ ವ್ಯಾಪಾರವೂ ಉದ್ಯೋಗವೇ. ಹಲ್ಲುಜ್ಜುವುದು, ಸ್ನಾನ ಮಾಡುವುದು, ಪಂಚೆಯುಡುವುದು, ಅನ್ನವನ್ನು ಕಲಸಿ ಉಣ್ಣುವುದು, ಹೂ ಕಟ್ಟುವುದು, ಲೆಕ್ಕ ಬರೆಯುವುದು, ಹೊಲ ಉಳುವುದು, ಮಗುವಿಗಾದರೆ ಆಟವಾಡುವುದು. ರೋಗದಿಂದಾಗಲಿ ಅಪಘಾತದಿಂದಾಗಲಿ ಹುಟ್ಟಿನಿಂದಾಗಲಿ ಇವು ತಪ್ಪಿಹೋದವರಿಗೆ ಅವನ್ನು ಮರಳಿ ಕೊಡಿಸುವುದೂ, ಆ ಕೆಲಸಗಳನ್ನೇ ಔಷಧವಾಗಿ ಬಳಸುವುದೂ ಈ ವಿದ್ಯೆಯ ಉದ್ದೇಶ.

ಒಂದು ನಿದರ್ಶನವನ್ನು ಹೇಳಿದರೆ ವಿಷಯವು ಸ್ಪಷ್ಟವಾದೀತು. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದವರಲ್ಲಿ ಕೆಲವರಿಗೆ ಎಡಗಡೆಯ ಪ್ರಪಂಚವೇ ಇಲ್ಲದಂತಾಗುವುದುಂಟು. ಕಣ್ಣಿಗೆ ಏನೂ ದೋಷವಿರುವುದಿಲ್ಲ. ಆದರೆ ಎಡಗಡೆಗೆ ಮನಸ್ಸು ತಿರುಗುವುದಿಲ್ಲ. ಇಂಥವನು ಊಟಕ್ಕೆ ಕುಳಿತರೆ ಎಲೆಯ ಬಲಭಾಗದಲ್ಲಿದ್ದುದನ್ನು ಮಾತ್ರ ಉಂಡು, ಎಡಭಾಗದ ಅನ್ನ ಪಲ್ಯಗಳನ್ನು ಹಾಗೆಯೇ ಬಿಟ್ಟು, ‘ಇಷ್ಟೇ ಬಡಿಸಿದಿರಾ?’ ಎಂದು ಹೆಂಡತಿಯ ಮೇಲೆ ಸಿಡುಕುತ್ತಾನೆ. ಮನೆಯವರು ಬುದ್ಧಿ ಕೆಟ್ಟಿತೆಂದು ಮರುಗುತ್ತಾರೆ. ಉದ್ಯೋಗಚಿಕಿತ್ಸಕನು ಎಲೆಯನ್ನು ತಿರುಗಿಸಿಟ್ಟು ದೋಷವೆಲ್ಲಿದೆಯೆಂದು ಮನೆಯವರಿಗೆ ಕಣ್ಣಾರೆ ತೋರಿಸುತ್ತಾನೆ; ಎಲೆಯ ಎಡ ಅಂಚಿಗೆ ಎದ್ದುಕಾಣುವ ಬಣ್ಣದ ಪಟ್ಟಿಯನ್ನಿಟ್ಟು, ಅದು ಕಾಣುವವರೆಗೂ ತಲೆಯನ್ನು ತಿರುಗಿಸಬೇಕೆಂದು ರೋಗಿಗೆ ದಿನದಿನವೂ ಅಭ್ಯಾಸ ಮಾಡಿಸುತ್ತಾನೆ. ಬಲಗೈ ಸೋತವನಿಗೆ ಅಂಗಿ ತೊಡಿಸುವುದರಲ್ಲಿಯೂ ಒಂದು ಕ್ರಮವಿದೆ: ತೊಡುವಾಗ ಸೋತ ಕೈ ಮೊದಲು, ಕಳಚುವಾಗ ಸೋತ ಕೈ ಕಡೆಗೆ. ಇಷ್ಟನ್ನು ತಿಳಿಯದೆ ಎಷ್ಟು ಮನೆಗಳಲ್ಲಿ ಮೂವರು ಸೇರಿ ಒಬ್ಬನಿಗೆ ಅಂಗಿ ತೊಡಿಸಲು ಒದ್ದಾಡುತ್ತಿಲ್ಲ!

ಅಂಗಮರ್ದನ, ವ್ಯಾಯಾಮಗಳಿಂದ ಸ್ನಾಯುಗಳಿಗೆ ಬಲ ಬರಿಸುವ ಫಿಸಿಯೋಥೆರಪಿಯ ಹೆಸರು ಈಗ ಎಲ್ಲರಿಗೂ ಗೊತ್ತು. ಎರಡೂ ಒಂದೇ ಎಂದು ತಿಳಿಯುವುದು ತಪ್ಪು. ತೋಳು ಎಷ್ಟು ಮೇಲಕ್ಕೇಳುತ್ತದೆಂಬುದು ಅಲ್ಲಿಯ ಮುಖ್ಯ ಪ್ರಶ್ನೆ. ಆ ತೋಳಿನಿಂದ ತಲೆ ಬಾಚಿಕೊಳ್ಳುವುದಾಗುತ್ತದೆಯೆ ಎಂಬುದು ಇಲ್ಲಿಯ ಪ್ರಶ್ನೆ. ಎರಡೂ ಬೇಕು.

ಈ ವಿದ್ಯೆಯ ಮೂಲಪುರುಷರಲ್ಲೊಬ್ಬನು ವೈದ್ಯನಲ್ಲ, ರೋಗಿ. ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬ ಅಮೆರಿಕದ ವಾಸ್ತುಶಿಲ್ಪಿಯು ಕ್ಷಯರೋಗದಿಂದ ಬಳಲಿ, ಕಾಲಿಗೆ ಶಸ್ತ್ರಚಿಕಿತ್ಸೆಯಾಗಿ, ಮೈಯ ಎಡಭಾಗವು ಸ್ವಾಧೀನ ತಪ್ಪಿದವನು. ತೋಟದ ಕೆಲಸ, ಮರಗೆಲಸಗಳಲ್ಲಿ ತೊಡಗಿ ಶಕ್ತಿಯನ್ನು ಮರಳಿ ಪಡೆದು, ತನ್ನಂತೆ ನರಳುವವರಿಗಾಗಿ ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಒಂದು ಮನೆಯನ್ನು ತೆರೆದನು. ೧೯೧೭ನೆಯ ಮಾರ್ಚಿಯಲ್ಲಿ ಈ ವೃತ್ತಿಯವರ ಮೊದಲ ಸಂಘವು ಸ್ಥಾಪಿತವಾದದ್ದು ಆ ಮನೆಯಲ್ಲಿಯೇ. ಮೊದಲನೆಯ ಮಹಾಯುದ್ಧದಿಂದ ಅಂಗಹೀನರಾಗಿ ಮರಳಿದ ಸೈನಿಕರ ಆರೈಕೆಯಲ್ಲಿ ಅದು ಬೆಳೆಯಿತು.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬಕರ್ ಎಂಬ ಮಹಿಳೆ. ಅಮೆರಿಕದಲ್ಲಿ ಎಲಿಜಬೆತ್ ಲುಂಡಿಯೆಂಬ ಹೆಸರಿನಿಂದ ಜನಿಸಿ, ಭಾರತೀಯರೊಬ್ಬರ ಕೈಹಿಡಿದು ಇಲ್ಲಿಯವರೇ ಆದ ಈ ಸಾಧ್ವಿಯು, ಹುಟ್ಟಿದ ನಾಡಿಗೆ ಮತ್ತೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದು, ೧೯೫೦ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಿಕ್ಷಣಶಾಲೆಯನ್ನು ಪ್ರಾರಂಭಿಸಿದರು. ೧೯೫೨ರಲ್ಲಿ ಅಖಿಲ ಭಾರತ ಸಂಘವು ಹುಟ್ಟಿತು. ಅದೇ ವರ್ಷ ಸ್ಥಾಪಿತವಾದ ಜಾಗತಿಕ ಒಕ್ಕೂಟದ ಹತ್ತು ಮೂಲ ಸದಸ್ಯರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು. ಇಷ್ಟು ಮುಂಚೆ ಹೊರಟವರು ಇಷ್ಟು ನಿಧಾನವಾಗಿ ನಡೆದುದೇಕೆಂಬುದು ವಿಚಾರಣೀಯವಾದ ಸಂಗತಿ.

ನೆರೆಯ ವೆಲ್ಲೂರಿನ ಕಥೆಯೂ ಸ್ಮರಣೀಯವಾದುದು. ಡಾಕ್ಟರ್ ಪಾಲ್ ಬ್ರಾಂಡ್ ಅವರು ೧೯೪೦ರ ದಶಕದ ಕೊನೆಯಲ್ಲಿ ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಮುರುಟಿದ ಬೆರಳುಗಳನ್ನು, ಒಂದು ಸ್ನಾಯುವಿನ ಕೆಲಸವನ್ನು ಇನ್ನೊಂದಕ್ಕೆ ವಹಿಸಿಕೊಡುವ ಶಸ್ತ್ರಕ್ರಿಯೆಯಿಂದ ನೇರಮಾಡಿ ಕೀರ್ತಿ ಪಡೆದರು. ಆದರೆ ಕತ್ತಿಯಿಂದ ಕೈ ನೆಟ್ಟಗಾದರೆ ಸಾಲದು. ಬೇರೆ ಕೆಲಸಕ್ಕೆ ಒಗ್ಗಿದ್ದ ಸ್ನಾಯುವಿಗೆ ಹೊಸ ಕೆಲಸವನ್ನು ವಾರಗಟ್ಟಲೆ ಕಲಿಸಬೇಕು. ಸ್ಪರ್ಶಜ್ಞಾನವಿಲ್ಲದ ಆ ಕೈ ಬಿಸಿ ಪಾತ್ರೆಯಿಂದ ಸುಟ್ಟುಹೋಗದಂತೆ, ಸಲಿಕೆಯ ಹಿಡಿಯಿಂದ ಗಾಯವಾಗದಂತೆ ಕಣ್ಣಿನಿಂದಲೇ ಕಾಯ್ದುಕೊಳ್ಳುವುದನ್ನು ರೋಗಿಗೆ ಅಭ್ಯಾಸಮಾಡಿಸಬೇಕು. ಅಷ್ಟಾದ ಮೇಲೆ ಅದು ದುಡಿಯುವ ಕೈ.

ಇನ್ನು ವ್ಯಾಸಂಗದ ಮಾತು. ಭೌತ, ರಸಾಯನ, ಜೀವಶಾಸ್ತ್ರಗಳನ್ನೋದಿ ಪಿ.ಯು. ಮುಗಿಸಿದವರು ಬಿ.ಓ.ಟಿ. ಪದವಿಗೆ ಸೇರಬಹುದು. ನಾಲ್ಕು ವರ್ಷಗಳ ಪಾಠ, ಅದರ ಮೇಲೆ ಆಸ್ಪತ್ರೆಯ ಅಭ್ಯಾಸ. ಜಾಗತಿಕ ಒಕ್ಕೂಟದ ನಿಯಮದಂತೆ ಕಡೆಯ ಪಕ್ಷ ೧೦೦೦ ಗಂಟೆಗಳಷ್ಟು ಕಾಲ ರೋಗಿಗಳ ನಡುವೆ ಕೆಲಸಮಾಡಿರಬೇಕು. ನಮ್ಮ ನಾಡಿನಲ್ಲಿ ಮಣಿಪಾಲವು ಈ ಶಿಕ್ಷಣಕ್ಕೆ ಹೆಸರಾಗಿದೆ; ಹೊರಗೆ ಮುಂಬಯಿ, ವೆಲ್ಲೂರು, ದೆಹಲಿ, ಕಟಕದ ಬಳಿಯ ಓಲಟ್‌ಪುರಗಳಲ್ಲಿ ಕಲಿಯಬಹುದು. ಅಂಗರಚನೆ, ನರಶಾಸ್ತ್ರ, ಮನಶ್ಶಾಸ್ತ್ರಗಳನ್ನು ಓದಬೇಕು. ಮುರಿದ ಕೈಗೆ ಆಸರೆಯ ಪಟ್ಟಿಯನ್ನು ತಾನೇ ಬಿಸಿಮಾಡಿ ಬಗ್ಗಿಸಿ ಹೊಂದಿಸುವ ಕುಶಲತೆಯೂ ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ ಬೇಕು. ಚುರುಕು ಫಲವನ್ನು ಬಯಸುವವರು ಈ ದಾರಿಗೆ ಬಾರದಿರುವುದೇ ಲೇಸು. ಲೇಖನಿ ಹಿಡಿಯಲಾರದ ಮಗುವಿನ ಬೆರಳುಗಳು ಒಂದು ಅಕ್ಷರವನ್ನು ತಿದ್ದಲು ಒಂದು ವರ್ಷವೇ ಹಿಡಿದೀತು.

‘ಇದರಿಂದ ಹೊಟ್ಟೆ ತುಂಬೀತೆ?’ ಎಂದು ಪೋಷಕರು ಕೇಳುವುದು ನ್ಯಾಯವೇ. ಆರಂಭದ ಸಂಬಳವು ವೈದ್ಯರದಕ್ಕೆ ಸಮನಲ್ಲವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೆ ಮಕ್ಕಳ ಬೆಳವಣಿಗೆಯ ತೊಂದರೆಗಳು, ಆಟಿಸಂ, ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಮುಪ್ಪಿನ ಮರೆವು, ಇವುಗಳಿಗಾಗಿ ಪಟ್ಟಣಗಳಲ್ಲಿ ತೆರೆಯುತ್ತಿರುವ ಚಿಕಿತ್ಸಾಲಯಗಳಲ್ಲಿ ಇವರನ್ನು ಹುಡುಕಿಕೊಂಡು ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗದಿಂದ ಚೇತರಿಸಿಕೊಳ್ಳುವವರಿಗೆ ಬೇಕರಿ, ಹೊಲಿಗೆ, ಮರಗೆಲಸ ಮೊದಲಾದವುಗಳಲ್ಲಿ ತರಬೇತು ಕೊಡುವ ಪದ್ಧತಿಯಿದೆ. ಅಂಥ ಕಡೆಗಳಲ್ಲಿಯೂ ಇವರಿಗೆ ಕಾರ್ಯಕ್ಷೇತ್ರವುಂಟು. ವಿದೇಶಗಳಂತೂ ಕೈಬೀಸಿ ಕರೆಯುತ್ತಿವೆ. ಕಲಿತವರಲ್ಲಿ ಅನೇಕರು ಹೊರಟುಹೋಗುವುದನ್ನು ನಾವು ದೂಷಿಸಲಾರೆವು. ಇಲ್ಲಿ ಸ್ಥಾನವನ್ನು ಕಲ್ಪಿಸದೆ ಅವರನ್ನು ದೂಷಿಸುವ ಹಕ್ಕು ನಮಗೆಲ್ಲಿಯದು?

ಹಾಗೆ ಹೋಗುವುದರಿಂದ ನಮಗಾಗುವ ನಷ್ಟ ಸಾಮಾನ್ಯವಾದುದಲ್ಲ. ಚಮಚದಿಂದುಣ್ಣುವ ದೇಶದ ಪುಸ್ತಕವನ್ನೋದಿ, ಸಾರನ್ನವನ್ನು ಬೆರಳಿನಿಂದ ಕಲಸಿ ಉಣ್ಣಬೇಕಾದವನಿಗೆ ಚಿಕಿತ್ಸೆ ಮಾಡುವುದು ಹೇಗೆ? ಅಡಕೆಮರದಿಂದ ಬಿದ್ದು ಬೆನ್ನು ಮುರಿದುಕೊಂಡ ಮಲೆನಾಡಿನ ಕೂಲಿಯ ಮನೆಯ ಹೊಸ್ತಿಲು ಎಷ್ಟೆತ್ತರ, ಬಚ್ಚಲು ಎಲ್ಲಿದೆ, ಅವನು ನೆಲದ ಮೇಲೆ ಕುಳಿತು ಮಾಡಬಹುದಾದ ಕೆಲಸಗಳಾವುವು ಎಂಬುದನ್ನು ಅವನ ಮಾತಿನಲ್ಲಿಯೇ ಕೇಳಿ ತಿಳಿಯಬಲ್ಲವರು ಬೇಕು.

೨೦೧೧ರ ಜನಗಣತಿಯು ದೇಶದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಲೆಕ್ಕಮಾಡಿತು. ಆಗ ಎಂಟು ಬಗೆಯ ವೈಕಲ್ಯಗಳನ್ನು ಮಾತ್ರ ಎಣಿಸಿದ್ದರು. ೨೦೧೬ರ ಶಾಸನವು ೨೧ ಬಗೆಗಳನ್ನು ಅಂಗೀಕರಿಸಿದೆ. ಅದೇ ಶಾಸನವು ಸರ್ಕಾರಗಳೂ ಸ್ಥಳೀಯ ಸಂಸ್ಥೆಗಳೂ ಪುನರ್ವಸತಿಯ ಏರ್ಪಾಡುಗಳನ್ನು ತಮ್ಮ ಆರ್ಥಿಕ ಶಕ್ತಿಗನುಸಾರವಾಗಿ ಮಾಡತಕ್ಕದ್ದೆಂದು ವಿಧಿಸಿದೆ. ‘ಆರ್ಥಿಕ ಶಕ್ತಿಗನುಸಾರವಾಗಿ’ ಎಂಬ ಮಾತಿನ ಮರೆಯಲ್ಲಿ ಎಷ್ಟು ಕಡತಗಳು ನಿದ್ರಿಸಬಹುದೆಂಬುದು ನಮ್ಮ ವಾಚಕರಲ್ಲಿರುವ ಅಧಿಕಾರಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಹಾರಾಷ್ಟ್ರ, ದೆಹಲಿಗಳು ಈ ವೃತ್ತಿಯವರಿಗಾಗಿ ಮೊದಲೇ ತಮ್ಮ ಮಟ್ಟಿಗೆ ಶಾಸನ ಮಾಡಿಕೊಂಡಿದ್ದವು. ಇಡೀ ದೇಶಕ್ಕೆ ಅನ್ವಯಿಸುವ ಆಯೋಗದ ಶಾಸನವು ೨೦೨೧ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಯಿತು. ಅರ್ಹರ ಪಟ್ಟಿಯನ್ನಿಡುವ, ಶಿಕ್ಷಣದ ಮಟ್ಟವನ್ನು ಕಾಯುವ ಹೊಣೆ ಅದರದು.

ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಆಸ್ಪತ್ರೆಯಲ್ಲಿ ಹುದ್ದೆಯಿರಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇಂಥ ಒಬ್ಬ ಚಿಕಿತ್ಸಕರು ಖಾಯಂ ಆಗಿ ಇರಬೇಕೆಂಬುದೇ ನಮ್ಮ ಕೋರಿಕೆ. ಇದಕ್ಕೆ ಲಕ್ಷಾಂತರದ ಯಂತ್ರಗಳೇನೂ ಬೇಕಿಲ್ಲ. ಒಂದು ಕೊಠಡಿ, ಅದರಲ್ಲಿ ಒಂದು ಒಲೆ, ಒಂದು ಹೊಸ್ತಿಲು, ಒಂದು ನಲ್ಲಿ, ಒಂದು ಮಂಚ, ನೆಲದ ಪಾಯಿಖಾನೆ ಒಂದು, ಕಮೋಡು ಒಂದು, ಬಾಗಿಲಿಗೆ ಚಿಲಕ, ಗುಂಡಿಗಳಿರುವ ಅಂಗಿ, ಉಡಲು ಸೀರೆ ಪಂಚೆಗಳು, ತಟ್ಟೆ ಲೋಟ, ಒಂದು ಸ್ಲೇಟು. ರೋಗಿಯು ಮನೆಗೆ ಹೋಗುವ ಮುನ್ನ ಅಲ್ಲಿ ಒಂದು ದಿನದ ಬಾಳನ್ನು ಬಾಳಿ ನೋಡಬೇಕು.