ಗ್ರೂಪ್ ಫೋಟೊ ಇಲ್ಲದ ಬ್ಯಾಚು

ನಾನು ಓದಿದ್ದು ಮಂಗಳೂರಿನ ಒಂದು ಕಾನ್ವೆಂಟ್ ಹೈಸ್ಕೂಲಿನಲ್ಲಿ. ಆಫೀಸಿನಿಂದ ಸಭಾಂಗಣಕ್ಕೆ ಹೋಗುವ ಜಗಲಿಯ ಗೋಡೆಯಲ್ಲಿ ಹತ್ತನೇ ತರಗತಿಯವರ ಗ್ರೂಪ್ ಫೋಟೊಗಳು ವರ್ಷಕ್ಕೊಂದರಂತೆ ತೂಗುತ್ತಿವೆ. ಹಳೆಯವೆಲ್ಲ ಕಪ್ಪುಬಿಳುಪು. ಎರಡು ಜಡೆ, ಬಿಗಿದ ತುಟಿ, ಯಾರ ಮುಖದಲ್ಲೂ ನಗುವಿಲ್ಲ. ಆಮೇಲಿನವಕ್ಕೆ ಬಣ್ಣ ಬಂತು, ನಗುವೂ ಬಂತು. ಕೂರುವ ಕ್ರಮ ಮಾತ್ರ ಬದಲಾಗಿಲ್ಲ. ನಡುವಿನ ಕುರ್ಚಿಗಳಲ್ಲಿ ಸಿಸ್ಟರ್‌ಗಳು ಮತ್ತು ಟೀಚರ್‌ಗಳು, ಹಿಂದೆ ಬೆಂಚು ಹತ್ತಿ ನಿಂತ ಎತ್ತರದ ಹುಡುಗಿಯರು, ಮುಂದೆ ನೆಲದ ಮೇಲೆ ಕಾಲು ಮಡಚಿ ಕೂತವರು. ಈ ಸಾಲಿನಲ್ಲಿ 2020ರ ಫೋಟೊ ಇದೆ, 2022ರದೂ ಇದೆ. 2021ರದು ಇಲ್ಲ. ನನ್ನ ತಂಗಿಯ ಮಗಳು ಓದಿ ಮುಗಿಸಿದ್ದು ಆ ವರ್ಷ.

ಅವಳ ಬ್ಯಾಚಿನ ಕತೆ ಹೇಳುವ ಮೊದಲು ಈ ಶಾಲೆಗಳ ಕತೆ ಸ್ವಲ್ಪ ಹೇಳಬೇಕು.

ಕರಾವಳಿಯಲ್ಲಿ ಕಾನ್ವೆಂಟ್ ಎಂದ ಕೂಡಲೇ ಹಿರಿಯರಿಗೆ ನೆನಪಾಗುವುದು ಸೇಂಟ್ ಆ್ಯನ್ಸ್, ಸೇಂಟ್ ಆಗ್ನೆಸ್. ಇವೆರಡರ ಬೇರು ಅಪೋಸ್ತಲಿಕ್ ಕಾರ್ಮೆಲ್ ಎಂಬ ಧರ್ಮಭಗಿನಿಯರ ಸಭೆಯಲ್ಲಿದೆ. ಅದನ್ನು ಸ್ಥಾಪಿಸಿದವರು ಮದರ್ ವೆರೋನಿಕಾ. ಅವರ ಹುಟ್ಟುಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಬ್ಬ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿ, ಮುಂದೆ ಕ್ಯಾಥೋಲಿಕ್ ಆಗಿ, ಸನ್ಯಾಸಿನಿಯಾಗಿ, ಕಲ್ಲಿಕೋಟೆಗೆ ಬಂದು ಕೆಲಕಾಲ ಕೆಲಸ ಮಾಡಿದ ಹೆಂಗಸು ಆಕೆ. ಈ ಕಡೆಯ ಹುಡುಗಿಯರನ್ನು ಓದಿಸುವುದನ್ನೇ ಮುಖ್ಯ ಕೆಲಸವಾಗಿ ಇಟ್ಟುಕೊಂಡ ಸಭೆಯೊಂದು ಬೇಕು ಎಂದು ಫ್ರಾನ್ಸಿಗೆ ಮರಳಿ 1868ರಲ್ಲಿ ಬಯೋನ್ ಪಟ್ಟಣದಲ್ಲಿ ಅದನ್ನು ಆರಂಭಿಸಿದರು. 1870ರ ನವೆಂಬರ್‌ನಲ್ಲಿ ಆ ಸಭೆಯ ಮೊದಲ ಭಗಿನಿಯರು ಮಂಗಳೂರಿಗೆ ಬಂದಿಳಿದರು. ಅದೇ ಕಾಲಕ್ಕೆ ಮಠದೊಳಗೇ ಉಳಿದು ಧ್ಯಾನಿಸುವ ಕಾರ್ಮೆಲ್ ಸನ್ಯಾಸಿನಿಯರ ಇನ್ನೊಂದು ತಂಡವೂ ಫ್ರಾನ್ಸಿನಿಂದ ಹೊರಟು ಇಲ್ಲಿಗೆ ಬಂತು. ಅವರಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಪ್ಯಾಲೆಸ್ಟೀನಿನ ಮರಿಯಮ್ ಎಂಬ ಯುವತಿಯೂ ಇದ್ದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಸಾರಿದರು. ಸಂತಳೊಬ್ಬಳು ಮಂಗಳೂರಿನ ಮಳೆಯಲ್ಲಿ ನೆನೆದಿದ್ದಳು ಎಂದು ನಮ್ಮ ಸಿಸ್ಟರ್ ಪಾಠದ ನಡುವೆ ಹೇಳುತ್ತಿದ್ದುದು ನನಗೆ ಇನ್ನೂ ನೆನಪಿದೆ.

ರೊಸಾರಿಯೊ ಕೆಥೆಡ್ರಲ್ ಬಳಿಯ ಸೇಂಟ್ ಆ್ಯನ್ಸ್‌ನಲ್ಲಿ ನೆಲೆನಿಂತ ಈ ಕೆಲಸ ಮುಂದೆ ಬೆಂದೂರಿನಲ್ಲಿ ಹೆಣ್ಣುಮಕ್ಕಳ ಕಾಲೇಜಾಗಿಯೂ ಬೆಳೆಯಿತು. ಸೇಂಟ್ ಆಗ್ನೆಸ್ ಕಾಲೇಜು ಶುರುವಾದದ್ದು 1921ರಲ್ಲಿ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕೂಡ ಇದೇ ಸಭೆಯದು. 1921ರಲ್ಲೇ, ಜುಲೈ 16ರಂದು, ಅದೇ ಬೆಂದೂರಿನಲ್ಲಿ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಬೆಥನಿ ಸಭೆಯನ್ನು ಕಟ್ಟಿದರು. ಬೆಥನಿ ಭಗಿನಿಯರು ಹಳ್ಳಿಗಳಿಗೆ ಹೋಗಿ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿದರು. ನನ್ನ ದೃಷ್ಟಿಯಲ್ಲಿ ಅದು ಕಾಲೇಜು ಕಟ್ಟಿದ್ದಕ್ಕಿಂತ ಏನೇನೂ ಕಡಿಮೆಯಲ್ಲ. ಮನೆಯಿಂದ ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ "ಸಿಸ್ಟರ್‌ಗಳ ಶಾಲೆ ಅಲ್ವಾ, ಹೋಗಲಿ" ಎಂಬ ಒಂದು ಮಾತಿನ ಮೇಲೆ ಎಷ್ಟೋ ಮನೆಗಳ ಹುಡುಗಿಯರು ಹೊಸಿಲು ದಾಟಿದರು. ಕೊಂಕಣಿ ಕ್ರೈಸ್ತರು ಮಾತ್ರವಲ್ಲ, ಬಂಟರು, ಬಿಲ್ಲವರು, ಬ್ಯಾರಿಗಳು, ಬ್ರಾಹ್ಮಣರು ಎಲ್ಲರ ಮನೆಯವರೂ. ನನ್ನ ಅಜ್ಜಿ ಹಾಗೆ ದಾಟಿದವರಲ್ಲಿ ಒಬ್ಬರು.

ಲೆಕ್ಕ ಹಾಕಿ ನೋಡಿ. ಭಗಿನಿಯರು ಮಂಗಳೂರಿಗೆ ಬಂದು 150 ವರ್ಷ ತುಂಬಿದ್ದು 2020ರ ನವೆಂಬರ್‌ನಲ್ಲಿ. ಸೇಂಟ್ ಆಗ್ನೆಸ್ ಕಾಲೇಜಿಗೂ ಬೆಥನಿಗೂ ನೂರು ತುಂಬಿದ್ದು 2021ರಲ್ಲಿ. ದೊಡ್ಡ ಹಬ್ಬಗಳ ಎರಡೂ ವರ್ಷಗಳನ್ನು ಕೊರೊನಾ ನುಂಗಿತು. ಜೊತೆಗೆ ಒಂದು ಬ್ಯಾಚಿನ ಬೀಳ್ಕೊಡುಗೆಯನ್ನೂ ನುಂಗಿತು.

ಈ ಶಾಲೆಗಳಲ್ಲಿ ಬೀಳ್ಕೊಡುಗೆ ಎನ್ನುವುದು ಬರೀ ಭಾಷಣದ ಕಾರ್ಯಕ್ರಮವಲ್ಲ. ನಮ್ಮಲ್ಲಿ ಅದು ಫೆಬ್ರವರಿಯ ಕೊನೆಗೆ ಬರುತ್ತಿತ್ತು. ಒಂಬತ್ತನೆಯವರು ಅತಿಥೇಯರು, ಹತ್ತನೆಯವರು ಅತಿಥಿಗಳು. ಅವತ್ತು ಯೂನಿಫಾರ್ಮ್ ಇಲ್ಲ, ಸೀರೆ. ಅಮ್ಮನದೋ ಚಿಕ್ಕಮ್ಮನದೋ ಸೀರೆ, ನೆರಿಗೆ ಜಾರದಂತೆ ಎಂಟು ಹತ್ತು ಪಿನ್ನು, ತಲೆತುಂಬ ಮಲ್ಲಿಗೆ. ಜೀವಮಾನದಲ್ಲಿ ಮೊದಲ ಸಲ ಸೀರೆ ಉಟ್ಟು ಬಂದ ಹುಡುಗಿಯರನ್ನು ನೋಡಿ ಸಿಸ್ಟರ್‌ಗಳು ಗೇಟಿನಲ್ಲೇ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದರು. ವರ್ಷವಿಡೀ ಉಗುರಿನ ಉದ್ದ ನೋಡಿ ಗದರಿದ ಸಿಸ್ಟರ್ ಅವತ್ತು ಪಿನ್ನಿನ ಡಬ್ಬಿ ಹಿಡಿದು ನಿಂತಿರುತ್ತಿದ್ದರು.

ಸಭಾಂಗಣದ ಕಿಟಕಿಗಳನ್ನು ಮುಚ್ಚಿದ ಮೇಲೆ ನಡೆಯುತ್ತಿದ್ದುದೇ ಅಸಲು ವಿಷಯ. ಎಚ್‌.ಎಂ. ಸಿಸ್ಟರ್ ದೊಡ್ಡ ಮೇಣದ ಬತ್ತಿಯನ್ನು ಹಚ್ಚುತ್ತಾರೆ. ಅದರಿಂದ ಕ್ಲಾಸ್ ಟೀಚರ್, ಟೀಚರಿಂದ ಮೊದಲ ಸಾಲಿನ ಹುಡುಗಿ, ಅವಳಿಂದ ಪಕ್ಕದವಳು. ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿಯಬೇಕು. ಬಿಸಿ ಮೇಣ ಕೈಮೇಲೆ ಬೀಳದಂತೆ ಬತ್ತಿಯ ಬುಡಕ್ಕೆ ರಟ್ಟಿನ ಬಿಲ್ಲೆ ಸಿಕ್ಕಿಸಿರುತ್ತಾರೆ. ಆದರೂ ಒಂದೆರಡು ಹನಿ ಬಿದ್ದೇ ಬೀಳುತ್ತದೆ. ಬೆಂಕಿಯನ್ನು ಪಡೆಯುವಾಗ ಪಕ್ಕದವಳ ಮುಖ ಎಷ್ಟು ಹತ್ತಿರ ಬರುತ್ತದೆಂದರೆ ಅವಳು ಅತ್ತಿದ್ದಾಳೋ ಇಲ್ಲವೋ ನಿಮಗೆ ಗೊತ್ತಾಗುತ್ತದೆ. ಕೊನೆಗೆ ಶಾಲಾ ನಾಯಕಿ ತನ್ನ ಬತ್ತಿಯಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಬತ್ತಿ ಹಚ್ಚುತ್ತಾಳೆ. ಅಲ್ಲಿಗೆ ಶಾಲೆ ಅವರದಾಯಿತು. ಆಮೇಲೆ ಊಟ, ಆಟೋಗ್ರಾಫ್, ಗ್ರೂಪ್ ಫೋಟೊ. ಈ ಒಂದು ದಿನ ನಮ್ಮ ಹುಡುಗಿಯರಿಗೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಹತ್ತನೆಯ ತರಗತಿಯ ನಂತರ ಗಂಡುಮಕ್ಕಳು ಊರಿನ ಮೈದಾನದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಮತ್ತೆ ಸಿಗುತ್ತಾರೆ. ಹುಡುಗಿಯರು ಹಾಗೆ ಸಿಗುವುದಿಲ್ಲ. ಒಬ್ಬಳು ಬೇರೆ ಊರಿನ ಪಿಯುಸಿಗೆ, ಒಬ್ಬಳು ಗಲ್ಫಿನಲ್ಲಿರುವ ಅಪ್ಪನ ಬಳಿಗೆ, ಒಬ್ಬಳು ಮನೆಗೆಲಸಕ್ಕೆ. ನನ್ನ ತರಗತಿಯ ಅರ್ಧದಷ್ಟು ಜನರನ್ನು ನಾನು ಕಡೆಯ ಸಲ ಕಂಡದ್ದು ಆ ಬತ್ತಿಯ ಬೆಳಕಿನಲ್ಲೇ.

2020ರ ಬ್ಯಾಚಿಗೆ ಈ ದಿನ ಸಿಕ್ಕಿತ್ತು. ಅವರ ಬೀಳ್ಕೊಡುಗೆ ಮುಗಿದ ಮೇಲೆ ಶಾಲೆಗಳು ಮುಚ್ಚಿದವು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಕಾಸರಗೋಡು ಕಡೆಯಿಂದ ಬರುವ ಮಕ್ಕಳನ್ನು ತಲಪಾಡಿ ಗಡಿಯಲ್ಲಿ ಬಸ್ಸು ಹತ್ತಿಸಿ ಪರೀಕ್ಷಾ ಕೇಂದ್ರಗಳಿಗೆ ಕರೆತಂದರು. ಕಷ್ಟಪಟ್ಟರು ನಿಜ, ಆದರೆ ಬತ್ತಿ ಹಚ್ಚಿಕೊಂಡೇ ಹೋಗಿದ್ದರು.

2021ರವರಿಗೆ ಏನೂ ಸಿಗಲಿಲ್ಲ. ಅವರು ಹತ್ತನೆಯ ತರಗತಿಗೆ ಕಾಲಿಟ್ಟದ್ದೇ ಮೊಬೈಲಿನ ಪರದೆಯಲ್ಲಿ. ಜನವರಿ 1ರಂದು ಶಾಲೆ ತೆರೆದಾಗ ಅಪ್ಪ ಅಮ್ಮ ಬರೆದುಕೊಟ್ಟ ಒಪ್ಪಿಗೆ ಪತ್ರ ಹಿಡಿದು, ಮಾಸ್ಕ್ ಹಾಕಿ, ಬೆಂಚಿನ ಎರಡು ತುದಿಗೆ ಇಬ್ಬರಂತೆ ಕೂತರು. ಬೀಳ್ಕೊಡುಗೆಯನ್ನು ಏಪ್ರಿಲ್ ಕೊನೆಗೆ ಇಟ್ಟುಕೊಳ್ಳೋಣ ಎಂದು ನಿಶ್ಚಯವಾಗಿತ್ತು. ನನ್ನ ತಂಗಿಯ ಮಗಳು ಅಜ್ಜಿಯ ಕಡುನೀಲಿ ಸೀರೆಯನ್ನು ಇಸ್ತ್ರಿ ಮಾಡಿಸಿ ಇಟ್ಟಿದ್ದಳು. ಏಪ್ರಿಲ್ ನಡುವಿಗೆ ರಾತ್ರಿ ಕರ್ಫ್ಯೂ ಬಂತು, 27ರ ರಾತ್ರಿಯಿಂದ ಎಲ್ಲವೂ ಮುಚ್ಚಿತು. ಶಾಲೆಯವರು ಝೂಮ್‌ನಲ್ಲಿ ಒಂದು ಪ್ರಾರ್ಥನೆ ಇಟ್ಟರು. ಎಚ್‌.ಎಂ. ಸಿಸ್ಟರ್ ತಮ್ಮ ಕೋಣೆಯಲ್ಲಿ ಬತ್ತಿ ಹಚ್ಚಿದರು. ಮಕ್ಕಳು ತಂತಮ್ಮ ಮನೆಗಳಲ್ಲಿ ಬೆಂಕಿಕಡ್ಡಿ ಗೀರಿ ಹಚ್ಚಿಕೊಂಡರು. ನೆಟ್‌ವರ್ಕ್ ಇಲ್ಲದವರ ಚೌಕಗಳು ಕಪ್ಪಾಗಿಯೇ ಉಳಿದವು. ನಾನು ಅವಳ ಹಿಂದೆ ನಿಂತು ನೋಡುತ್ತಿದ್ದೆ. ಅವಳ ಬತ್ತಿಗೆ ಬೆಂಕಿ ಕೊಡುವವರು ಯಾರೂ ಇರಲಿಲ್ಲ.

ಆ ಸಲ ಪರೀಕ್ಷೆ ಎರಡೇ ದಿನ. ಜುಲೈ 19ರ ಸೋಮವಾರ ಗಣಿತ, ವಿಜ್ಞಾನ, ಸಮಾಜ ಒಟ್ಟಿಗೆ. 22ರ ಗುರುವಾರ ಮೂರು ಭಾಷೆಗಳು ಒಟ್ಟಿಗೆ. ವಿಷಯಕ್ಕೆ 40 ಅಂಕ, ಉತ್ತರದ ವೃತ್ತಕ್ಕೆ ಶಾಯಿ ತುಂಬುವ ಒಎಂಆರ್ ಹಾಳೆ, ಒಂದು ಕೋಣೆಯಲ್ಲಿ 12 ಮಂದಿ. ಪಿಯುಸಿಯವರಿಗೆ ಅದೂ ಇರಲಿಲ್ಲ. ಪರೀಕ್ಷೆಯೇ ರದ್ದಾಗಿ, ಹಳೆಯ ಅಂಕಗಳನ್ನು ಕೂಡಿಸಿ ಜುಲೈ 20ರಂದು ಎಲ್ಲರೂ ಪಾಸು ಎಂದು ಪ್ರಕಟಿಸಿದರು. ಹಾಗಾಗಿ ಹತ್ತನೆಯವರ ಪಾಲಿಗೆ 22ನೇ ತಾರೀಖೇ ಬೀಳ್ಕೊಡುಗೆ ಎಂದು ನಾವೆಲ್ಲ ಅಂದುಕೊಂಡೆವು.

ಅವತ್ತು ಅವಳನ್ನು ಕರೆತರಲು ನಾನೇ ಹೋಗಿದ್ದೆ. ಮಳೆ. ಗೇಟಿನ ಹೊರಗೆ ಕೊಡೆಗಳ ಅಡಿಯಲ್ಲಿ ಹೆತ್ತವರು. ಹಿಂದಿನ ದಿನ ಬಕ್ರೀದ್. ಮೂರು ತಾಸು ವೃತ್ತ ತುಂಬಿ ಹೊರಬಂದ ಅವಳ ಗೆಳತಿಯ ಅಂಗೈಯಲ್ಲಿ ಮದರಂಗಿ ಕಡುಕೆಂಪಾಗಿತ್ತು, ತೋರುಬೆರಳ ತುದಿಗೆ ಪೆನ್ನಿನ ಶಾಯಿ ಅಂಟಿತ್ತು. ಇಬ್ಬರೂ ಮೂರು ಅಡಿ ದೂರದಲ್ಲಿ ನಿಂತರು. ಕಾವಲಿಗಿದ್ದ ಗೈಡ್ಸ್ ಹುಡುಗಿ "ಗುಂಪು ಸೇರಬೇಡಿ, ಮನೆಗೆ ಹೋಗಿ" ಎಂದಳು. ಗೆಳತಿ ಕೈ ಮೇಲೆತ್ತಿ ಮದರಂಗಿ ತೋರಿಸಿದಳು, ಇವಳು ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಅಷ್ಟೆ. ಇಬ್ಬರೂ ಅಪ್ಪಿಕೊಳ್ಳದೆ ಬೇರೆ ಬೇರೆ ದಿಕ್ಕಿಗೆ ಹೋದರು. ಆ ಹುಡುಗಿ ಆಮೇಲೆ ಗಲ್ಫಿನ ದಮಾಮಿಗೆ ಹೋದಳಂತೆ.

ಆಗಸ್ಟ್ 9ಕ್ಕೆ ಫಲಿತಾಂಶ ಬಂತು. ಹೆಚ್ಚುಕಡಿಮೆ ಎಲ್ಲರೂ ಪಾಸು. ಅಂದಿನಿಂದ ಇವರಿಗೆ ಕೊರೊನಾ ಬ್ಯಾಚು ಎಂಬ ಹೆಸರು ಅಂಟಿತು. ಕೆಲಸಕ್ಕೆ ಅರ್ಜಿ ಹಾಕುವಾಗಲೂ ಯಾರಾದರೂ ಆ ಮಾತು ಎತ್ತುತ್ತಾರೆ ಎಂದು ಅವಳು ಹೇಳುತ್ತಾಳೆ. ಓದಿದ್ದು, ಹೆದರಿದ್ದು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡದ್ದು, ಕೆಲವರು ಅಪ್ಪನನ್ನೋ ಅಜ್ಜನನ್ನೋ ಕಳೆದುಕೊಂಡೇ ಪರೀಕ್ಷೆಗೆ ಕೂತದ್ದು ಯಾವುದೂ ಆ ಹೆಸರಿನಲ್ಲಿ ಇಲ್ಲ. ಇದು ಅನ್ಯಾಯ.

ಆ ಹುಡುಗಿಯರು ಈಗ ಇಪ್ಪತ್ತು ದಾಟಿದವರು. ನೂರು, ನೂರೈವತ್ತು ವರ್ಷದ ಶಾಲೆಗಳನ್ನು ನಡೆಸುವ ಸಿಸ್ಟರ್‌ಗಳಲ್ಲೂ ಹಳೆವಿದ್ಯಾರ್ಥಿನಿಯರ ಸಂಘಗಳಲ್ಲೂ ನನ್ನದೊಂದು ಬೇಡಿಕೆ. ಒಂದು ಡಿಸೆಂಬರಿನಲ್ಲಿ, ಹೊರಗಿರುವವರು ಊರಿಗೆ ಬರುವ ರಜೆಯಲ್ಲಿ, 2021ರ ಬ್ಯಾಚನ್ನು ಕರೆಯಿರಿ. ಸೀರೆ ಉಟ್ಟು ಬರಲಿ. ಸಭಾಂಗಣದ ಕಿಟಕಿ ಮುಚ್ಚಿ, ಎಚ್‌.ಎಂ. ಕೈಯಿಂದ ಬತ್ತಿ ಹಚ್ಚಿ ಕೊಡಿ. ಆಮೇಲೆ ಬೆಂಚುಗಳನ್ನು ಅಂಗಳಕ್ಕೆ ತಂದು, ಫೋಟೊದವರನ್ನು ಕರೆಸಿ, ಒಂದು ಗ್ರೂಪ್ ಫೋಟೊ ತೆಗೆಸಿ ಜಗಲಿಯ ಗೋಡೆಗೆ ಹಾಕಿ. ಅಜ್ಜಿಯ ಕಡುನೀಲಿ ಸೀರೆ ನಮ್ಮ ಮನೆಯ ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಹಾಗೇ ಇದೆ.