ತಮ್ಮನ ಕ್ಲಚ್ಚು ಅಣ್ಣನಿಗೆ

ಮಜ್ದಾ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಕಡೆಯ ಹಲವರಿಗೆ ನೆನಪಾಗುವುದು ಸ್ವರಾಜ್ ಮಜ್ದಾದ ಮಿನಿ ಬಸ್ಸೇ ಹೊರತು ಮತ್ತೇನೂ ಅಲ್ಲ. ಆದರೆ ಜಪಾನಿನ ಹಿರೋಷಿಮಾದ ಆ ಮಜ್ದಾ ಸಂಸ್ಥೆಯು 1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಜನರ ಮುಂದಿಟ್ಟ, ಎರಡೇ ಆಸನಗಳ, ಮೇಲ್ಛಾವಣಿಯನ್ನು ಹಿಂದಕ್ಕೆ ಮಡಿಚಿಡಬಹುದಾದ, ತೂಕದಲ್ಲಿ ಸಾವಿರ ಕಿಲೋಗ್ರಾಮಿನೊಳಗಿನ ಪುಟ್ಟ ಕಾರೊಂದು, ಇಂಗ್ಲೆಂಡಿನ ಹಳೆಯ ಲಘು ಸ್ಪೋರ್ಟ್ಸ್ ಕಾರುಗಳ ಪರಂಪರೆ ಮುಗಿದೇ ಹೋಯಿತೆಂದು ಬಹುಮಂದಿ ತಿಳಿದಿದ್ದ ಕಾಲದಲ್ಲಿ ಅದನ್ನು ಪುನರುಜ್ಜೀವಿಸಿ, 2016ರ ಏಪ್ರಿಲ್ ವೇಳೆಗೆ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು. ಅಮೆರಿಕದವರು ಅದನ್ನು ಮಿಯಾಟಾ ಎಂದು ಕರೆದರು. ಯೂರೋಪಿನಲ್ಲಿ ಅದು ಎಂಎಕ್ಸ್-5 ಎನಿಸಿತು. ಸ್ವದೇಶದಲ್ಲಿ ಮೊದಲು ಅದರ ಹೆಸರು ಯೂನೋಸ್ ರೋಡ್‌ಸ್ಟರ್.

ಈ ಕಾರಿನ ಗುಣಕಥನ ಇಲ್ಲಿಯ ಉದ್ದೇಶವಲ್ಲ. ಅದರ ಸುತ್ತ ಬೆಳೆದು ನಿಂತಿರುವ ಒಂದು ಕುಶಲವಿದ್ಯೆಯನ್ನು, ಎಂದರೆ ಒಂದು ಮಾದರಿಯ ಅಂಗವನ್ನು ಕಳಚಿ ಅದರ ಒಡಹುಟ್ಟಿನ ಇನ್ನೊಂದು ಮಾದರಿಗೆ ಜೋಡಿಸುವ ವಿದ್ಯೆಯನ್ನು, ಓದುಗರಿಗೆ ಪರಿಚಯಿಸಬೇಕೆಂಬುದಷ್ಟೇ ಈ ಲೇಖನದ ಆಶಯ. ಆ ವಿದ್ಯೆಯಲ್ಲಿ ಮೊದಲ ಪಾಠವೆನ್ನಬಹುದಾದದ್ದು ಕ್ಲಚ್ಚಿನದು.

ಮೊದಲ ವರ್ಷಗಳ ಕಾರಿಗಿದ್ದುದು 1.6 ಲೀಟರಿನ ಎಂಜಿನು. 1994ರ ಮಾದರಿಯಿಂದ 1.8 ಲೀಟರಿನದು ಬಂದಿತು. 1.6 ಎಂಬ ಅಣ್ಣನ ಕ್ಲಚ್ ಪ್ಲೇಟಿನ ವ್ಯಾಸ 200 ಮಿಲಿಮೀಟರು, 1.8 ಎಂಬ ತಮ್ಮನದು 215. ಕಾರ್ಖಾನೆಯಿಂದ ಬಂದ ಹಾಗೆಯೇ ಓಡಿಸುವವನಿಗೆ ಅಣ್ಣನ ಕ್ಲಚ್ಚಿನಲ್ಲಿ ಕೊರತೆಯೇನೂ ಕಾಣದು, ಏಕೆಂದರೆ ಆ ಎಂಜಿನು ಹುಟ್ಟಿಸುವ ತಿರುಚುಬಲ, ಮೆಕ್ಯಾನಿಕರ ಮಾತಿನಲ್ಲಿ ಟಾರ್ಕು, ಸುಮಾರು 136 ನ್ಯೂಟನ್ ಮೀಟರು ಮಾತ್ರ. ಆದರೆ ಹಗುರವಾದ ಕಾರನ್ನು ಕೊಂಡವನಿಗೆ ಅದರ ವೇಗ ಸಾಲದೆಂಬ ಅತೃಪ್ತಿ ಇಂದಲ್ಲ ನಾಳೆ ತಲೆದೋರುವುದು ಸಹಜವಷ್ಟೆ! ಆತನು ಟರ್ಬೋ ಒಂದನ್ನು ತಂದು ಜೋಡಿಸುತ್ತಾನೆ. ಟಾರ್ಕು ಒಂದೂವರೆ ಪಾಲಾಗುತ್ತದೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಅದುಮಿದಾಗ ಎಂಜಿನಿನ ಸುತ್ತು ಮಾತ್ರ ಏರುತ್ತದೆ, ಕಾರಿನ ವೇಗ ಏರುವುದಿಲ್ಲ, ಒಡನೆಯೇ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಕ್ಲಚ್ಚು ಜಾರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜಾರುವುದೇಕೆಂಬುದನ್ನು ತಿಳಿಯಲು ಅದರ ರಚನೆಯನ್ನು ಕಿಂಚಿತ್ ನೋಡಬೇಕು. ಎಂಜಿನಿನ ಬೆನ್ನಿಗೆ ಬಿಗಿದ ಫ್ಲೈವೀಲಿಗೂ ಅದರ ಮೇಲೆ ಕೂತ ಪ್ರೆಶರ್ ಪ್ಲೇಟಿಗೂ ನಡುವೆ, ಎರಡು ಮುಖಗಳಿಗೂ ಘರ್ಷಣದ ಪದಾರ್ಥವನ್ನು ಹೊದಿಸಿಕೊಂಡ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಅದು ಹೊರಬಲ್ಲ ಟಾರ್ಕನ್ನು ನಿರ್ಣಯಿಸುವವು ಮೂರೇ ಸಂಗತಿಗಳು: ಒತ್ತುವ ಸ್ಪ್ರಿಂಗಿನ ಬಲ, ಘರ್ಷಣ ಪದಾರ್ಥದ ಗುಣ, ಮತ್ತು ಆ ಘರ್ಷಣೆ ನಡೆಯುವ ವೃತ್ತದ ತ್ರಿಜ್ಯ. ವ್ಯಾಸವನ್ನು 200ರಿಂದ 215ಕ್ಕೆ ಏರಿಸಿದರೆ ತ್ರಿಜ್ಯದ ಲೆಕ್ಕದಲ್ಲಿ ದೊರೆಯುವ ಲಾಭ ನೂರಕ್ಕೆ ಏಳೂವರೆಯಷ್ಟೇ ಎಂಬುದನ್ನು ಕಂಡು ಯಾರಾದರೂ ಮೂಗು ಮುರಿದಾರು. ಆದರೆ ದೊಡ್ಡ ಅಳತೆಯ ಪ್ರೆಶರ್ ಪ್ಲೇಟಿನ ಜೊತೆಗೆ ಹೆಚ್ಚು ಬಲದ ಸ್ಪ್ರಿಂಗೂ, ಶಾಖವನ್ನು ಹಂಚಿಕೊಳ್ಳಲು ಹೆಚ್ಚು ಮೈಯೂ ದೊರೆಯುತ್ತವೆ ಎಂಬುದು ಗಮನಾರ್ಹ. ಅದೂ ಅಲ್ಲದೆ, ಬಲಪಡಿಸಿದ ಕ್ಲಚ್ಚುಗಳನ್ನು ಮಾರುವವರು 215ರ ಅಳತೆಗೇ ಹೆಚ್ಚು ಬಗೆಯವನ್ನು ಇಟ್ಟಿರುತ್ತಾರೆ.

ಇಲ್ಲಿಯ ಸೌಭಾಗ್ಯವೆಂದರೆ ತಮ್ಮನ ಫ್ಲೈವೀಲು ಅಣ್ಣನ ಕ್ರ್ಯಾಂಕಿಗೆ ಯಾವ ಕೊರೆತವೂ ಬೇಡದೆ ಕೂರುತ್ತದೆ. ಕ್ಲಚ್ ಪ್ಲೇಟಿನ ನಡುವಣ ಹಲ್ಲುಗಳು ಅಣ್ಣನ ಗೇರ್‌ಬಾಕ್ಸಿನ ದಂಡಕ್ಕೆ ಹೊಂದುತ್ತವೆ. ಆದರೆ ಫ್ಲೈವೀಲನ್ನು ಬಿಟ್ಟು ಪ್ರೆಶರ್ ಪ್ಲೇಟನ್ನು ಮಾತ್ರ ತರುವೆನೆಂದರೆ ಆಗದು. ಬೋಲ್ಟುಗಳ ವೃತ್ತವೇ ಬೇರೆಯಾದ ಕಾರಣ ಫ್ಲೈವೀಲು, ಪ್ರೆಶರ್ ಪ್ಲೇಟು, ಕ್ಲಚ್ ಪ್ಲೇಟು ಮೂರನ್ನೂ ಒಟ್ಟಿಗೆ ತರಬೇಕು.

ಕೆಲಸದಲ್ಲಿ ಬೆವರು ಇಳಿಸುವ ಭಾಗ ಗೇರ್‌ಬಾಕ್ಸನ್ನು ಇಳಿಸುವುದು. ಈ ಕಾರಿನಲ್ಲಿ ಗೇರ್‌ಬಾಕ್ಸನ್ನೂ, ಹಿಂದಿನ ಚಕ್ರಗಳಿಗೆ ಬಲವನ್ನು ಹಂಚುವ ಡಿಫರೆನ್ಷಿಯಲನ್ನೂ ಒಂದು ಉದ್ದನೆಯ ಅಲ್ಯುಮಿನಿಯಂ ಚೌಕಟ್ಟು ಬಂಧಿಸಿರುತ್ತದೆ. ಅದನ್ನು ಕಳಚದೆ ಗತ್ಯಂತರವಿಲ್ಲ, ಮೇಲ್ಭಾಗದ ಬೋಲ್ಟುಗಳಿಗೆ ಕೈ ನಿಲುಕಿಸಲು ಮಾರುದ್ದದ ಎಕ್ಸ್‌ಟೆನ್ಷನ್ ರಾಡುಗಳನ್ನು ಹಿಡಿಯದೆ ವಿಧಿಯೂ ಇಲ್ಲ. ಅಷ್ಟೆಲ್ಲ ಪಾಡುಪಟ್ಟು ಒಳಹೊಕ್ಕವನು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗನ್ನೂ, ರಿಲೀಸ್ ಬೇರಿಂಗನ್ನೂ ಹಳೆಯವೆಂದು ತಿಳಿದೂ ಬಿಟ್ಟುಬಂದರೆ ಅದನ್ನು ಮಿತವ್ಯಯವೆನ್ನಲಾಗದು. ಹಳೆಯ ಫ್ಲೈವೀಲಾದರೆ ಲೇತಿನಲ್ಲಿ ಅದರ ಮುಖವನ್ನು ಸಮಮಾಡಿಸಬೇಕು. ಪ್ಲೇಟಿಗೆ ಎಣ್ಣೆ ಹತ್ತಿದ ಒಂದು ಬೆರಳೂ ಸೋಕಬಾರದು. ಮಧ್ಯಸ್ಥಾನವನ್ನು ನಿಲ್ಲಿಸುವ ಉಪಕರಣವನ್ನು ತೂರಿಸಿಟ್ಟೇ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಆಮೇಲೆ 800 ಕಿಲೋಮೀಟರಿನಷ್ಟಾದರೂ ಸೌಮ್ಯವಾಗಿ ಓಡಿಸಿ ಮುಖಗಳು ಪರಸ್ಪರ ಹೊಂದಿಕೊಳ್ಳಲು ಅವಕಾಶ ಕೊಡಬೇಕು. ಟರ್ಬೋ ಹಾಕಿಸಿಕೊಂಡವನಿಗೆ ಇದಕ್ಕಿಂತ ಕಠಿನವಾದ ವ್ರತವಿಲ್ಲ.

ಪದಾರ್ಥದ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಕಾರ್ಖಾನೆಯ ಬಗೆಯ ಸಾವಯವ ಪದಾರ್ಥ ಮೃದುವಾಗಿ ಹಿಡಿಯುತ್ತದೆ, ಆದರೆ ಅತಿಶಾಖವನ್ನು ತಾಳದು. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಬಿಲ್ಲೆಗಳ ಪ್ಲೇಟು ಶಾಖಕ್ಕೆ ಅಂಜದು, ಆದರೆ ಹಿಡಿದರೆ ಒಮ್ಮೆಗೇ ಹಿಡಿಯುತ್ತದೆ, ಪಟ್ಟಣದ ಸಿಗ್ನಲಿನಲ್ಲಿ ಕಾರು ಎಗರಿ ಎಗರಿ ಹೊರಡುತ್ತದೆ. ಪಂದ್ಯದ ಕಣದಲ್ಲಿ ಅದು ಸಲ್ಲುವುದು, ದಿನನಿತ್ಯ ಕಚೇರಿಗೆ ಹೋಗುವವನಿಗೆ ಸಲ್ಲದು. ಬಹುಬಲದ ಸ್ಪ್ರಿಂಗಿಗೂ ತನ್ನದೇ ಬೆಲೆಯುಂಟು: ಪೆಡಲು ಭಾರವಾಗುತ್ತದೆ, ಪೆಡಲನ್ನು ಒತ್ತಿದಾಗಲೆಲ್ಲ ಎಂಜಿನಿನ ಥ್ರಸ್ಟ್ ಬೇರಿಂಗಿನ ಮೇಲೆ ಒತ್ತಡ ಬೀಳುತ್ತದೆ, ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವ, ಈ ಕಾರಿನಲ್ಲಿ ಮೊದಲೇ ಸೋರುವ ಚಾಳಿಯುಳ್ಳ ಸ್ಲೇವ್ ಸಿಲಿಂಡರು ಇನ್ನಷ್ಟು ಬೇಗ ಸೋರಬಹುದು. ಬೇಕಾದುದಕ್ಕಿಂತ ಬಲವಾದ ಕ್ಲಚ್ಚನ್ನು ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಬರಿಯ ಆಡಂಬರ.

ಏಕೆಂದರೆ ಜಾರುವ ಕ್ಲಚ್ಚು, ಕೆಟ್ಟದ್ದಾದರೂ, ತನ್ನ ಹಿಂದಿರುವ ಭಾಗಗಳನ್ನು ಒಂದು ಮಟ್ಟಿಗೆ ರಕ್ಷಿಸುತ್ತಿರುತ್ತದೆ. ಜಾರದ ಕ್ಲಚ್ಚು ಎಂಜಿನಿನ ಪೂರ್ಣಬಲವನ್ನು ಹಾಗೆಯೇ ಹಿಂದಕ್ಕೆ ಸಾಗಿಸುತ್ತದೆ. ಅಣ್ಣನ ಡಿಫರೆನ್ಷಿಯಲಿನ ಕ್ರೌನ್ ವೀಲು 6 ಇಂಚಿನದು, ತಮ್ಮನದು 7 ಇಂಚಿನದು. ಟರ್ಬೋ ಹೊತ್ತ 1.6ರ ಕಾರುಗಳಲ್ಲಿ ಮುರಿಯುವುದಕ್ಕೆ ಮುಂದಿನ ಸರದಿ ಅದರದೇ. ಅದನ್ನೂ ತಮ್ಮನಿಂದ ತರಬಹುದು, ಆದರೆ ಅದರೊಡನೆ ಚಕ್ರಗಳಿಗೆ ಹೋಗುವ ದಂಡಗಳನ್ನೂ ನಡುವಣ ಪ್ರೊಪೆಲ್ಲರ್ ಷಾಫ್ಟನ್ನೂ ತರಬೇಕು. ಹೀಗಾಗಿ ಟರ್ಬೋ ಇಲ್ಲದ 1.6ರ ಒಡೆಯನು ಹಳೆಯ ಕ್ಲಚ್ಚು ಸವೆದಾಗ 1.8ರ ಸಾಮಾನ್ಯ ಕ್ಲಚ್ಚನ್ನೂ ಫ್ಲೈವೀಲನ್ನೂ ಹಾಕಿಸಿಕೊಂಡು ಸುಮ್ಮನಿರುವುದು ಲೇಸು. ಟರ್ಬೋ ಇರುವವನು ಕ್ಲಚ್ಚಿಗೆ ಹಣ ಎಣಿಸುವ ದಿನವೇ ಡಿಫರೆನ್ಷಿಯಲಿಗೂ ಎಣಿಸಿಡತಕ್ಕದ್ದು.